ಕ್ಲ್ಯಾಟ್ ಪ್ಯಾಸೇಜ್ ಮುಗಿಯುತ್ತಿಲ್ಲವೇ? ಸಮಯ ಎಲ್ಲಿ ಸೋರುತ್ತಿದೆ ಮೊದಲು ನೋಡಿ

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವಳು. ಎರಡನೇ ಪಿಯುಸಿ, ಕಲಾ ವಿಭಾಗ. ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದ್ದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರಬೇಕು ಅಂತ ಆಸೆ. ಅದಕ್ಕೆ ಕ್ಲ್ಯಾಟ್ ಅನ್ನುವ ಕಾನೂನು ಪದವಿಯ ಪ್ರವೇಶ ಪರೀಕ್ಷೆ ಬರೆಯಬೇಕು. ಕ್ಲ್ಯಾಟ್‌ಗೆ ಇನ್ನು ಆರು ತಿಂಗಳಿದೆ. ಅಭ್ಯಾಸಕ್ಕೆ ಬರೆಯುವ ಮಾಕ್ ಟೆಸ್ಟ್‌ನಲ್ಲಿ 120ಕ್ಕೆ 45–50 ದಾಟುತ್ತಿಲ್ಲ. ಕೊನೆಯ ನಾಲ್ಕೈದು ಪ್ಯಾಸೇಜ್ (ಓದಿ ಉತ್ತರಿಸಬೇಕಾದ ಗದ್ಯಭಾಗ) ಮುಟ್ಟಲಿಕ್ಕೇ ಆಗುವುದಿಲ್ಲ. ಸ್ಪೀಡ್ ರೀಡಿಂಗ್ ಕೋರ್ಸ್ ಮಾಡು ಅಂತ ಒಬ್ಬರು ಹೇಳುತ್ತಾರೆ, ದಿನಾ ಇಂಗ್ಲಿಷ್ ಪೇಪರ್ ಓದು ಅಂತ ಇನ್ನೊಬ್ಬರು. ಪೇಪರ್ ಎರಡು ತಿಂಗಳಿಂದ ಓದುತ್ತಿದ್ದೇನೆ. ಮಾರ್ಕ್ಸ್ ಮಾತ್ರ ಏರಿಲ್ಲ. ಕನ್ನಡ ಮಾಧ್ಯಮದವರಿಗೆ ಇದು ಆಗದ ಮಾತೇ? ಕೋಚಿಂಗ್ ಸೇರಲೇಬೇಕೇ?

ಉತ್ತರ: ಆಗದ ಮಾತೇನಲ್ಲ. ಆದರೆ ನಿಮಗೆ ಸಿಕ್ಕ ಎರಡು ಸಲಹೆಗಳಲ್ಲಿ ಒಂದು ದಂಡ, ಇನ್ನೊಂದು ಅರ್ಧ ಸರಿ. ಸ್ಪೀಡ್ ರೀಡಿಂಗ್ ಕೋರ್ಸಿಗೆ ದುಡ್ಡು ಕಟ್ಟಬೇಡಿ. ಪೇಪರ್ ಓದಿ, ಆದರೆ ಈಗ ಓದುವ ಹಾಗಲ್ಲ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಲೆಕ್ಕ ನೋಡೋಣ. ಕ್ಲ್ಯಾಟ್‌ನಲ್ಲಿ 120 ಪ್ರಶ್ನೆ, 120 ನಿಮಿಷ. ಇಂಗ್ಲಿಷ್ 22ರಿಂದ 26 ಪ್ರಶ್ನೆ, ಕರೆಂಟ್ ಅಫೇರ್ಸ್ 28ರಿಂದ 32, ಲೀಗಲ್ ರೀಸನಿಂಗ್ 28ರಿಂದ 32, ಲಾಜಿಕಲ್ ರೀಸನಿಂಗ್ 22ರಿಂದ 26, ಗಣಿತ 10ರಿಂದ 14. ಹೆಸರು ಬೇರೆ ಬೇರೆ, ಆದರೆ ಎಲ್ಲವೂ ಪ್ಯಾಸೇಜ್ ಓದಿ ಉತ್ತರಿಸುವುದೇ. 2020ರಿಂದ ಪರೀಕ್ಷೆ ಹೀಗಿದೆ. ಅದಕ್ಕೂ ಮುಂಚೆ ಬಿಡಿ ಬಿಡಿ ಪ್ರಶ್ನೆಗಳು ಬರುತ್ತಿದ್ದವು, ಉರು ಹೊಡೆದವರಿಗೂ ಒಂದು ದಾರಿ ಇತ್ತು. ಈಗ ಗಣಿತ ಬಿಟ್ಟರೆ ಉಳಿದ ಪ್ಯಾಸೇಜ್‌ಗಳು ಹೆಚ್ಚುಕಡಿಮೆ 450 ಪದದವು. ಒಂದೊಂದರ ಕೆಳಗೆ ಐದಾರು ಪ್ರಶ್ನೆ. ಒಟ್ಟು ಇಪ್ಪತ್ತು ಪ್ಯಾಸೇಜ್ ಅಂದುಕೊಂಡರೂ 9,000 ಪದ ಆಯಿತು.

ನಿಮಿಷಕ್ಕೆ 150 ಪದದಂತೆ ಓದಿದರೆ ಓದಲಿಕ್ಕೇ ಒಂದು ಗಂಟೆ. ಇದೇನು ಭಾರಿ ವೇಗವಲ್ಲ, ಅಭ್ಯಾಸ ಇರುವ ಯಾರಾದರೂ ಆರಾಮಾಗಿ ಓದುವ ವೇಗ. ಉಳಿದ ಒಂದು ಗಂಟೆಯಲ್ಲಿ 120 ಪ್ರಶ್ನೆ, ಅಂದರೆ ತಲಾ ಅರ್ಧ ನಿಮಿಷ. ಬಿಗಿ ಇದೆ, ಆದರೆ ಸಾಧ್ಯ ಇದೆ. ಈಗ ಇದೇ ವೇಗದಲ್ಲಿ ಪ್ರತಿ ಪ್ಯಾಸೇಜನ್ನೂ ಎರಡು ಸಲ ಓದಿದರೆ ಏನಾಗುತ್ತದೆ ನೋಡಿ. ಎರಡು ಗಂಟೆ ಓದಿನಲ್ಲೇ ಮುಗಿಯಿತು! ಕೊನೆಯ ನಾಲ್ಕೈದು ಪ್ಯಾಸೇಜ್ ನಿಮಗೆ ಸಿಗದೆ ಹೋಗುತ್ತಿರುವುದು ಬಹುಶಃ ಇದೇ ಕಾರಣಕ್ಕೆ. ಕಣ್ಣು ನಿಧಾನವಾಗಿ ಓಡುತ್ತಿರುವುದರಿಂದಲ್ಲ, ಓದಿದ್ದನ್ನೇ ಮತ್ತೆ ಮತ್ತೆ ಓದುತ್ತಿರುವುದರಿಂದ.

ಸ್ಪೀಡ್ ರೀಡಿಂಗ್ ಬೇಡ ಅಂದದ್ದಕ್ಕೆ ಕಾರಣವೂ ಇದೇ. ಓದುವಾಗ ಕಣ್ಣು ಹೇಗೆ ಚಲಿಸುತ್ತದೆ ಅಂತ ಜೀವಮಾನವಿಡೀ ಅಧ್ಯಯನ ಮಾಡಿದ ವಿಜ್ಞಾನಿ ಕೀತ್ ರೇನರ್. ಅವರು ಮತ್ತು ಸಂಗಡಿಗರು ಈ ವಿಷಯದ ಸಂಶೋಧನೆಗಳನ್ನೆಲ್ಲ ಜಾಲಾಡಿ ಬರೆದ ದೊಡ್ಡ ಲೇಖನ 2016ರಲ್ಲಿ ಬಂತು. ಅವರು ಹೇಳಿದ್ದು ಇಷ್ಟು: ಎರಡು ಮೂರು ಪಟ್ಟು ವೇಗ ಹೆಚ್ಚಿಸಿದರೆ ಅರ್ಥವಾಗುವುದು ಕಡಿಮೆಯಾಗುತ್ತದೆ, ಎರಡೂ ಒಟ್ಟಿಗೆ ಸಿಗುವುದಿಲ್ಲ. ಮನಸ್ಸಿನೊಳಗೆ ಕೇಳುವ ಓದಿನ ದನಿಯನ್ನು ಅಡಗಿಸಬೇಕು ಅಂತ ಈ ಕೋರ್ಸಿನವರು ಹೇಳುತ್ತಾರಲ್ಲ, ಆ ದನಿ ಅರ್ಥ ಮಾಡಿಕೊಳ್ಳಲು ಸಹಾಯವನ್ನೇ ಮಾಡುತ್ತದೆ. ಪದಗಳ, ಭಾಷೆಯ ಪರಿಚಯ ಬೆಳೆದ ಹಾಗೆ ವೇಗ ತಾನಾಗಿ ಬರುತ್ತದೆ. ಬೇರೆ ದಾರಿ ಇಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಒಂದು ಹಳೆಯ ಪ್ರಶ್ನೆಪತ್ರಿಕೆಯಿಂದ. ಕೋಚಿಂಗ್‌ನವರ ಮಾಕ್ ಅಲ್ಲ, ನಿಜವಾದ ಕ್ಲ್ಯಾಟ್ ಪತ್ರಿಕೆ. ಪರೀಕ್ಷೆ ನಡೆಸುವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಒಕ್ಕೂಟದ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. 2024ರ ಕ್ಲ್ಯಾಟ್‌ನಿಂದ ಈಚಿನವು 120 ಪ್ರಶ್ನೆಯವು. 2020ರಿಂದ 2023ರವರೆಗಿನವು 150 ಪ್ರಶ್ನೆಯವು, ಆದರೆ ಮಾದರಿ ಇದೇ. ಅವನ್ನು ಬಿಡಿ ಅಭ್ಯಾಸಕ್ಕೆ ಇಟ್ಟುಕೊಳ್ಳಿ.

120 ಪ್ರಶ್ನೆಯ ಒಂದು ಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಎರಡು ಗಂಟೆ ಬರೆಯಿರಿ. ನಿಲ್ಲಿಸಿ. ಕೀ ಉತ್ತರ ನೋಡಬೇಡಿ, ಇದು ಮುಖ್ಯ. ಮಾರನೇ ದಿನ ಅದೇ ಪತ್ರಿಕೆಯನ್ನು ಮತ್ತೆ ಬರೆಯಿರಿ, ಈ ಸಲ ಗಡಿಯಾರ ಬೇಡ. ನಾಲ್ಕು ಗಂಟೆ ಆದರೂ ಆಗಲಿ. ಉತ್ತರಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಗುರುತಿಸಿ. ಆಮೇಲೆ ಎರಡಕ್ಕೂ ಅಂಕ ಹಾಕಿ.

ಈ ಎರಡು ಅಂಕಗಳ ನಡುವಿನ ಅಂತರ ನಿಮ್ಮ ಕಾಯಿಲೆ ಏನು ಅಂತ ಹೇಳಿಬಿಡುತ್ತದೆ. ಗಡಿಯಾರ ಇದ್ದಾಗ 48, ಇಲ್ಲದಾಗ 85 ಬಂದರೆ ನಿಮಗೆ ಇಂಗ್ಲಿಷ್ ಬರುತ್ತದೆ, ಪರೀಕ್ಷೆ ಬರೆಯುವ ಅಭ್ಯಾಸ ಸರಿ ಇಲ್ಲ, ಅಷ್ಟೇ. ಗಡಿಯಾರ ಇಲ್ಲದೆಯೂ 58 ದಾಟಲಿಲ್ಲವೋ, ಆಗ ತೊಂದರೆ ಸಮಯದ್ದಲ್ಲ. ಪ್ಯಾಸೇಜ್ ಅರ್ಥ ಆಗುತ್ತಿಲ್ಲ ಅಥವಾ ಆಪ್ಷನ್‌ಗಳು ದಾರಿ ತಪ್ಪಿಸುತ್ತಿವೆ. ಇಂಥವರು ವಾರಕ್ಕೆ ಮೂರು ಮಾಕ್ ಬರೆದರೂ ಅದೇ ಅಂಕ ಬರುತ್ತದೆ. ನೀವು ಎರಡನೇ ಗುಂಪಿನವರು ಅಂತ ನನ್ನ ಅಂದಾಜು, ಯಾಕಂದರೆ ಕನ್ನಡ ಮಾಧ್ಯಮದಿಂದ ಬಂದ ಹೆಚ್ಚಿನವರು ಶುರುವಿನಲ್ಲಿ ಅಲ್ಲೇ ಇರುತ್ತಾರೆ. ಅಂದಾಜು ತಪ್ಪಾದರೆ ಒಳ್ಳೆಯದೇ ಆಯಿತು.

ಕನ್ನಡ ಮಾಧ್ಯಮದವರಿಗೆ ಪದ ಗೊತ್ತಿಲ್ಲ, ಅದೇ ಸಮಸ್ಯೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಪದ ಅರ್ಧ ಸಮಸ್ಯೆ. ಇನ್ನರ್ಧ ವಾಕ್ಯದ್ದು. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಿವರಗಳೆಲ್ಲ ಮುಗಿದ ಮೇಲೆ ‘ಮಾಡಿದರು’, ‘ಒಪ್ಪಲಿಲ್ಲ’ ಅಂತ ಬರುವವರೆಗೆ ಕಾಯುವುದು ನಮಗೆ ರೂಢಿ. ಇಂಗ್ಲಿಷ್‌ನಲ್ಲಿ ಕರ್ತೃ ಯಾರು, ಅವರು ಮಾಡಿದ್ದೇನು ಅನ್ನುವುದನ್ನು ಮೊದಲೇ ಹಿಡಿದುಕೊಳ್ಳಬೇಕು. ಉಳಿದದ್ದೆಲ್ಲ ಅದಕ್ಕೆ ಜೋತುಬಿದ್ದಿರುತ್ತದೆ. ಲೀಗಲ್ ಪ್ಯಾಸೇಜ್‌ನಲ್ಲಿ ಬರುವಂಥ ಒಂದು ವಾಕ್ಯ ನೋಡಿ:

‘ದಿ ಕೋರ್ಟ್, ವಿಚ್ ಹ್ಯಾಡ್ ಅರ್ಲಿಯರ್ ರಿಫ್ಯೂಸ್ಡ್ ಟು ಹಿಯರ್ ದಿ ಪೆಟಿಷನ್ ಫೈಲ್ಡ್ ಬೈ ದಿ ವಿಲೇಜರ್ಸ್, ಅಗ್ರೀಡ್ ಟು ಎಕ್ಸಾಮಿನ್ ವೆದರ್ ದಿ ನೋಟಿಸ್ ವಾಸ್ ವ್ಯಾಲಿಡ್.’

ಕೋರ್ಟ್ ಏನು ಮಾಡಿತು? ಅವಸರದಲ್ಲಿ ಓದಿದವರಿಗೆ ‘ರಿಫ್ಯೂಸ್ಡ್’ ಕಣ್ಣಿಗೆ ಬೀಳುತ್ತದೆ, ನಿರಾಕರಿಸಿತು ಅಂದುಕೊಳ್ಳುತ್ತಾರೆ. ಅಲ್ಲ, ಒಪ್ಪಿತು. ಎರಡು ಅಲ್ಪವಿರಾಮಗಳ ನಡುವೆ ಇರುವುದು ಹಿಂದಿನ ಕತೆ. ಅದನ್ನು ಬೆರಳಿನಿಂದ ಮುಚ್ಚಿ ಓದಿ: ದಿ ಕೋರ್ಟ್ ಅಗ್ರೀಡ್ ಟು ಎಕ್ಸಾಮಿನ್. ಇಷ್ಟೇ ವಾಕ್ಯ. ಒಪ್ಪಿದ್ದೂ ಏನನ್ನು? ನೋಟಿಸ್ ಊರ್ಜಿತವೇ ಅಂತ ಪರಿಶೀಲಿಸಲು ಮಾತ್ರ. ಊರ್ಜಿತ ಅಂತಲೂ ಹೇಳಿಲ್ಲ, ಅನೂರ್ಜಿತ ಅಂತಲೂ ಹೇಳಿಲ್ಲ. ‘ನೋಟಿಸ್ ಅನೂರ್ಜಿತ ಎಂದು ಕೋರ್ಟ್ ಹೇಳಿತು’ ಅಂತ ಒಂದು ಆಪ್ಷನ್ ಕೆಳಗೆ ಕಾದು ಕೂತಿರುತ್ತದೆ.

ಮುಂದಿನ ಒಂದು ತಿಂಗಳು ಇದೊಂದು ಅಭ್ಯಾಸ ಮಾಡಿ. ದಿನಕ್ಕೆ ಒಂದೇ ಪ್ಯಾಸೇಜ್. ಪೆನ್ಸಿಲ್ ಹಿಡಿದು, ಪ್ರತಿ ಉದ್ದ ವಾಕ್ಯದಲ್ಲಿ ಕರ್ತೃವಿಗೆ ಒಂದು ಗೆರೆ, ಮುಖ್ಯ ಕ್ರಿಯಾಪದಕ್ಕೆ ಎರಡು ಗೆರೆ. ನಡುವೆ ತೂರಿಕೊಂಡ ಭಾಗಕ್ಕೆ ಆವರಣ. ಮುಗಿದ ಮೇಲೆ ಪುಸ್ತಕ ಮುಚ್ಚಿ, ಪ್ಯಾಸೇಜ್ ಏನು ಹೇಳಿತು ಅಂತ ಎರಡು ವಾಕ್ಯ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ನಾಚಿಕೆ ಬೇಡ. ಕನ್ನಡದಲ್ಲಿ ಹೇಳಲು ಆಗಲಿಲ್ಲ ಅಂದರೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ಒಂದು ತಿಂಗಳಾದ ಮೇಲೆ ಪೆನ್ಸಿಲ್ ಬೇಕಾಗುವುದಿಲ್ಲ, ಕಣ್ಣೇ ಆ ಕೆಲಸ ಮಾಡುತ್ತದೆ. ‘ಎರಡು ಸಲ ಓದುವುದು’ ಆಗ ತಾನಾಗಿ ಕಡಿಮೆಯಾಗುತ್ತದೆ.

ಪದಗಳ ವಿಷಯ. ಸಾವಿರ ಪದಗಳ ಪಟ್ಟಿ ಉರು ಹೊಡೆಯಬೇಡಿ. ಕ್ಲ್ಯಾಟ್‌ನಲ್ಲಿ ಪದದ ಅರ್ಥ ಕೇಳುವುದು ಪ್ಯಾಸೇಜ್‌ನ ಸಂದರ್ಭದಲ್ಲಿ. ಗೊತ್ತಿಲ್ಲದ ಪದ ಸಿಕ್ಕರೆ ಆ ವಾಕ್ಯದ ಸಮೇತ ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ದೊಡ್ಡ ದೊಡ್ಡ ಪದಗಳಿಗಿಂತ ಜಾಸ್ತಿ ತೊಂದರೆ ಕೊಡುವುದು ಚಿಕ್ಕ ಪದಗಳು: ಅನ್‌ಲೆಸ್, ಆಲ್‌ದೋ, ವೇರ್‌ಆ್ಯಸ್, ನಾಟ್‌ವಿತ್‌ಸ್ಟ್ಯಾಂಡಿಂಗ್, ಪ್ರೊವೈಡೆಡ್ ದಟ್, ಓನ್ಲಿ ಇಫ್. ‘ಆ್ಯಂಡ್’ ಇದೆಯೋ ‘ಆರ್’ ಇದೆಯೋ, ‘ಮೇ’ ಇದೆಯೋ ‘ಶಲ್’ ಇದೆಯೋ ಅನ್ನುವುದರ ಮೇಲೆ ಲೀಗಲ್‌ನಲ್ಲಿ ಉತ್ತರ ತಿರುಗಿ ಬೀಳುತ್ತದೆ. ಇಂಥವು ಮೂವತ್ತು ನಲವತ್ತು ಇರಬಹುದು. ಇವುಗಳ ಮೇಲೆ ಹಿಡಿತ ಇದ್ದರೆ, ಗೊತ್ತಿಲ್ಲದ ನಾಲ್ಕು ದೊಡ್ಡ ಪದ ಇರುವ ಪ್ಯಾಸೇಜನ್ನೂ ದಾಟಬಹುದು.

ಈಗ ಆಪ್ಷನ್‌ಗಳಿಗೆ ಬರೋಣ. ನನ್ನ ಅನುಭವದಲ್ಲಿ ಅತಿ ಹೆಚ್ಚು ಅಂಕ ಹೋಗುವ ಜಾಗ ಇದು. ‘ಎರಡು ಆಪ್ಷನ್‌ವರೆಗೆ ಬಂದೆ ಮೇಡಂ, ಆಮೇಲೆ ತಪ್ಪಿದ್ದನ್ನೇ ಆರಿಸಿದೆ’ ಅಂತ ಹೇಳದ ವಿದ್ಯಾರ್ಥಿಯನ್ನು ನಾನು ನೋಡಿಲ್ಲ. ಇದು ದುರದೃಷ್ಟವಲ್ಲ. ಪ್ರಶ್ನೆ ತಯಾರಿಸುವವರು ಹಾಗೆ ಆಗಲಿ ಅಂತಲೇ ಬರೆದಿರುತ್ತಾರೆ. ಹೇಗೆ ಅಂತ ತೋರಿಸಲು ಒಂದು ಚಿಕ್ಕ ಪ್ಯಾಸೇಜ್ ಕನ್ನಡದಲ್ಲೇ ಬರೆದಿದ್ದೇನೆ. ಭಾಷೆಯ ಅಡ್ಡಿ ಇಲ್ಲದಿದ್ದರೂ ಎಲ್ಲಿ ಜಾರುತ್ತೀರಿ ನೋಡಿ.

‘ಬೆಂಗಳೂರಿನ ಕೆರೆಗಳನ್ನು ಪ್ರಕೃತಿ ಕೊಟ್ಟದ್ದಲ್ಲ, ಜನ ಕಟ್ಟಿದ್ದು. ಏರಿ, ತೂಬು, ಕೋಡಿಗಳನ್ನು ನೋಡಿಕೊಳ್ಳಲು ನೀರುಗಂಟಿಗಳಿದ್ದರು. 1896ರಲ್ಲಿ ಹೆಸರಘಟ್ಟದಿಂದ ನಗರಕ್ಕೆ ನಲ್ಲಿ ನೀರು ಬಂತು. ಕೆರೆಯನ್ನು ನೆಚ್ಚಿಕೊಳ್ಳುವ ಅಗತ್ಯ ಕ್ರಮೇಣ ಕಡಿಮೆಯಾಯಿತು. ಕೆರೆಗಳು ಹಾಳಾದದ್ದಕ್ಕೆ ಒತ್ತುವರಿಯನ್ನಷ್ಟೇ ದೂರುವವರು ಒಂದು ವಿಷಯ ಮರೆಯುತ್ತಾರೆ. ಒತ್ತುವರಿ ಜೋರಾಗುವ ಮೊದಲೇ ಕೆರೆ ಜನರ ದಿನನಿತ್ಯದ ಬದುಕಿನಿಂದ ದೂರ ಸರಿದಿತ್ತು.’

ಲೇಖಕರ ಮುಖ್ಯ ವಾದ ಯಾವುದು?

ಎ) ನಲ್ಲಿ ನೀರು ಬಂದದ್ದರಿಂದಲೇ ಬೆಂಗಳೂರಿನ ಕೆರೆಗಳೆಲ್ಲ ನಾಶವಾದವು.
ಬಿ) ಕೆರೆ ಒತ್ತುವರಿ ತಡೆಯಲು ಕಠಿಣ ಕಾನೂನು ಬೇಕು.
ಸಿ) ಕೆರೆಗಳ ಅವನತಿಗೆ ಒತ್ತುವರಿಯೊಂದೇ ಕಾರಣವಲ್ಲ. ಅದಕ್ಕೂ ಮುಂಚೆಯೇ ಜನರಿಗೂ ಕೆರೆಗೂ ಇದ್ದ ನಂಟು ಸಡಿಲವಾಗಿತ್ತು.
ಡಿ) ಬೆಂಗಳೂರಿನ ಕೆರೆಗಳನ್ನು ಜನರೇ ಕಟ್ಟಿದರು, ನೀರುಗಂಟಿಗಳು ಅವನ್ನು ನೋಡಿಕೊಳ್ಳುತ್ತಿದ್ದರು.

ಉತ್ತರ ಸಿ. ಇದು ನಿಮಗೂ ಹೊಳೆದಿರಬಹುದು. ಆದರೆ ಉಳಿದ ಮೂರು ಯಾಕೆ ತಪ್ಪು ಅನ್ನುವುದನ್ನು ನೋಡಿ, ಪಾಠ ಇರುವುದು ಅಲ್ಲಿ. ಡಿ ನೂರಕ್ಕೆ ನೂರು ನಿಜ, ಪ್ಯಾಸೇಜ್‌ನಲ್ಲೇ ಇದೆ. ಆದರೆ ಅದು ವಿವರ, ವಾದವಲ್ಲ. ಕೇಳಿದ್ದು ಮುಖ್ಯ ವಾದ. ಬಿ ಕೂಡ ಒಳ್ಳೆಯ ಮಾತೇ, ನಾನೂ ನೀವೂ ಒಪ್ಪುತ್ತೇವೆ. ಆದರೆ ಲೇಖಕರು ಕಾನೂನಿನ ಸುದ್ದಿಯನ್ನೇ ಎತ್ತಿಲ್ಲ. ಎ ಅತಿ ಅಪಾಯದ್ದು. ಕಾಲುಭಾಗ ಸರಿ ಇದೆ, ಅದೇ ದಾರಿಯಲ್ಲಿ ಹೊರಟು ಮುಂದಕ್ಕೆ ಹೋಗಿಬಿಟ್ಟಿದೆ. ‘ಬಂದದ್ದರಿಂದಲೇ’, ‘ಕೆರೆಗಳೆಲ್ಲ’, ‘ನಾಶ’, ಈ ಮೂರೂ ಪ್ಯಾಸೇಜ್‌ನಲ್ಲಿ ಇಲ್ಲ. ಅಗತ್ಯ ಕಡಿಮೆಯಾಯಿತು ಅಂದರು, ಅಷ್ಟೇ.

ಕ್ಲ್ಯಾಟ್‌ನ ತಪ್ಪು ಆಪ್ಷನ್‌ಗಳಲ್ಲಿ ಬಹುಪಾಲು ಈ ಮೂರು ಜಾತಿಯವೇ. ಆದ್ದರಿಂದ ‘ಯಾವುದು ಚೆನ್ನಾಗಿದೆ’ ಅಂತ ಹುಡುಕಬೇಡಿ. ‘ಇದರಲ್ಲಿ ಯಾವ ಪದಕ್ಕೆ ಪ್ಯಾಸೇಜ್‌ನಲ್ಲಿ ಆಧಾರ ಇಲ್ಲ’ ಅಂತ ಹುಡುಕಿ. ಎರಡು ಆಪ್ಷನ್ ಉಳಿದಾಗ ಅವೆರಡನ್ನೇ ಮತ್ತೆ ಮತ್ತೆ ಓದುತ್ತಾ ಕೂರುವುದು ಶುದ್ಧ ದಂಡ. ಅವುಗಳ ನಡುವಿನ ವ್ಯತ್ಯಾಸ ಯಾವ ಪದದಲ್ಲಿದೆ ನೋಡಿ, ಆ ಪದ ಹಿಡಿದು ಪ್ಯಾಸೇಜ್‌ನ ಆ ಸಾಲಿಗೆ ಹೋಗಿ. ಇಪ್ಪತ್ತು ಸೆಕೆಂಡಿನ ಕೆಲಸ.

ಲೀಗಲ್ ರೀಸನಿಂಗ್‌ಗೆ ಇದರ ಜೊತೆ ಇನ್ನೊಂದು ಶಿಸ್ತು ಬೇಕು. ಅಲ್ಲಿ ಪ್ಯಾಸೇಜ್ ಒಂದು ನಿಯಮ ಕೊಡುತ್ತದೆ, ಪ್ರಶ್ನೆ ಒಂದು ಘಟನೆ ಕೊಡುತ್ತದೆ. ನಿಯಮವನ್ನು ಘಟನೆಗೆ ಹಚ್ಚಬೇಕು. ನಿಮ್ಮ ನ್ಯಾಯಬುದ್ಧಿಯನ್ನು ಹಾಲ್‌ನ ಹೊರಗೇ ಬಿಟ್ಟು ಬರಬೇಕು. ಉದಾಹರಣೆಗೆ ಪ್ಯಾಸೇಜ್ ಹೀಗಿದೆ ಅಂದುಕೊಳ್ಳಿ: ‘ಇನ್ನೊಬ್ಬರ ಸ್ವಾಧೀನದಲ್ಲಿರುವ ಜಮೀನಿಗೆ ಅವರ ಒಪ್ಪಿಗೆಯಿಲ್ಲದೆ, ತಾನಾಗಿ ಕಾಲಿಡುವುದು ಅತಿಕ್ರಮ ಪ್ರವೇಶ. ನಷ್ಟವಾಗಿದೆ ಎಂದು ತೋರಿಸಬೇಕಿಲ್ಲ. ತನ್ನದೇ ಜಮೀನು ಅಂದುಕೊಂಡಿದ್ದೆ ಎನ್ನುವುದು ಸಮರ್ಥನೆಯಾಗದು.’

ಘಟನೆ: ಶಿರಸಿ ಕಡೆಯ ಒಬ್ಬರು ಬೇಲಿ ಬಿದ್ದಿದ್ದರಿಂದ ಗಡಿ ತಿಳಿಯದೆ ಪಕ್ಕದವರ ಅಡಿಕೆ ತೋಟಕ್ಕೆ ಹೋದರು. ಒಂದು ಅಡಿಕೆಯನ್ನೂ ಮುಟ್ಟಲಿಲ್ಲ. ಗೊತ್ತಾದ ಕೂಡಲೇ ವಾಪಸ್ ಬಂದರು. ಅವರು ಹೊಣೆಯೇ?

ತರಗತಿಯಲ್ಲಿ ಇಂಥದ್ದನ್ನು ಕೇಳಿದರೆ ಅರ್ಧಕ್ಕರ್ಧ ಮಂದಿ ‘ಅಲ್ಲ, ಪಾಪ, ಬೇಕಂತ ಹೋಗಿಲ್ಲವಲ್ಲ’ ಅನ್ನುತ್ತಾರೆ. ಪ್ಯಾಸೇಜ್ ಪ್ರಕಾರ ಹೊಣೆ. ಒಪ್ಪಿಗೆ ಇರಲಿಲ್ಲ, ತಾನಾಗಿ ನಡೆದು ಹೋದರು, ನಷ್ಟ ಬೇಕಿಲ್ಲ, ತಪ್ಪು ತಿಳಿವಳಿಕೆ ಸಮರ್ಥನೆಯಲ್ಲ. ನಾಲ್ಕೂ ಕೂಡಿತು. ಈಗ ಘಟನೆಯನ್ನು ಸ್ವಲ್ಪ ಬದಲಿಸಿ. ಯಾರೋ ಅವರನ್ನು ಎತ್ತಿ ಬೇಲಿಯಾಚೆ ಎಸೆದರು. ಹೊಣೆಯೇ? ಅಲ್ಲ. ‘ತಾನಾಗಿ’ ಅನ್ನುವ ಒಂದು ಪದ ತಪ್ಪಿಹೋಯಿತು. ಲೀಗಲ್ ಪ್ಯಾಸೇಜ್ ಓದುವಾಗ ನಿಯಮದ ಸಾಲು ಸಿಕ್ಕ ತಕ್ಷಣ ಅದನ್ನು ಹೀಗೆ ತುಂಡು ಮಾಡಿ, ಒಂದೊಂದು ಷರತ್ತಿನ ಮೇಲೆ ಪೆನ್ಸಿಲಿನಲ್ಲಿ 1, 2, 3 ಅಂತ ಹಾಕಿ. ವಿನಾಯಿತಿ ಇದ್ದರೆ ಸುತ್ತು ಹಾಕಿ. ಐದು ಪ್ರಶ್ನೆಗಳೂ ಆ ಷರತ್ತುಗಳ ಸುತ್ತಲೇ ತಿರುಗುತ್ತವೆ. ನಿಮಗೆ ಕಾನೂನು ಮೊದಲೇ ಗೊತ್ತಿರಬೇಕಿಲ್ಲ. ಅರ್ಧಂಬರ್ಧ ಗೊತ್ತಿದ್ದರೆ ಅದೇ ತೊಡಕು, ಯಾಕಂದರೆ ಪ್ಯಾಸೇಜ್ ಬಿಟ್ಟು ಅದರ ಹಿಂದೆ ಹೋಗುತ್ತೀರಿ. ಈ ವಿಭಾಗಕ್ಕೆ ಜಾಸ್ತಿ ಸಮಯ ಕೊಡಿ ಅನ್ನಲು ಇನ್ನೊಂದು ಕಾರಣ ಇದೆ: ಇಬ್ಬರಿಗೆ ಒಟ್ಟು ಅಂಕ ಸಮ ಬಂದರೆ ಮೊದಲು ನೋಡುವುದು ಲೀಗಲ್‌ನಲ್ಲಿ ಯಾರಿಗೆ ಹೆಚ್ಚು ಅಂತ.

ಲಾಜಿಕಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲೇಖಕರ ತೀರ್ಮಾನ ಯಾವುದು, ಅದಕ್ಕೆ ಕೊಟ್ಟ ಕಾರಣ ಯಾವುದು, ಹೇಳದೆ ಊಹಿಸಿಕೊಂಡದ್ದು ಯಾವುದು. ಈ ಮೂರನ್ನು ಬೇರ್ಪಡಿಸಿದರೆ ಮುಗಿಯಿತು. ಗಣಿತದ್ದು ಎಸ್ಸೆಸ್ಸೆಲ್ಸಿ ಮಟ್ಟದ ಶೇಕಡ, ಅನುಪಾತ, ಸರಾಸರಿ. ಕಲಾ ವಿಭಾಗದವರು ಹೆದರಿ ಬಿಟ್ಟುಬಿಡುತ್ತಾರೆ, ಬಿಡಬೇಡಿ.

ಕರೆಂಟ್ ಅಫೇರ್ಸ್‌ನಲ್ಲಿ ಮಾತ್ರ ಓದಿನ ರೀತಿ ಬೇರೆ. ಅಲ್ಲಿ ಪ್ಯಾಸೇಜ್ ಇದ್ದರೂ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಅದರೊಳಗೆ ಇರುವುದಿಲ್ಲ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ನೇರ ಪ್ರಶ್ನೆಗೆ ಹೋಗಿ. ಪ್ಯಾಸೇಜ್‌ನಲ್ಲಿ ಉತ್ತರ ಇರಬಹುದು ಅನ್ನಿಸಿದರೆ ಮಾತ್ರ ಮೇಲೆ ಕಣ್ಣಾಡಿಸಿ. ಈ ವಿಭಾಗವನ್ನು ಮೊದಲು, ಹನ್ನೆರಡು ನಿಮಿಷದೊಳಗೆ ಮುಗಿಸಿ. ಇಲ್ಲಿ ಉಳಿಸಿದ ಸಮಯವನ್ನು ಲೀಗಲ್‌ಗೆ ಹಾಕಿ: ಅದಕ್ಕೆ 38 ನಿಮಿಷ, ಇಂಗ್ಲಿಷ್‌ಗೆ 25, ಲಾಜಿಕಲ್‌ಗೆ 28, ಗಣಿತಕ್ಕೆ 12. ಕೊನೆಗೆ ಐದು ನಿಮಿಷ ಕೈಯಲ್ಲಿ ಉಳಿಯುತ್ತದೆ. ಇದು ಶಾಸನವಲ್ಲ, ನಿಮ್ಮ ಬಲ ನೋಡಿ ಎರಡು ಮೂರು ನಿಮಿಷ ಆಚೀಚೆ ಮಾಡಿಕೊಳ್ಳಿ. ಹಿಂದೆ ಓದಿದ ಪ್ಯಾಸೇಜ್‌ಗೆ ಮತ್ತೆ ಬಂದರೆ ಅದು ಹೊಸದಾಗಿ ಓದಿದ ಲೆಕ್ಕವೇ. ಹಾಗಾಗಿ ಒಂದು ಪ್ಯಾಸೇಜ್‌ನ ಪ್ರಶ್ನೆಗಳನ್ನು ಅಲ್ಲೇ ಮುಗಿಸಿ ಮುಂದೆ ಹೋಗಿ. ಓಎಂಆರ್ ಹಾಳೆಯನ್ನೂ ಪ್ಯಾಸೇಜ್ ಮುಗಿದಂತೆ ತುಂಬಿ. ಕೊನೆಗೆ ಒಟ್ಟಿಗೆ ತುಂಬುತ್ತೇನೆ ಅಂದವರು ಸಾಲು ತಪ್ಪಿ ಅಳುವುದನ್ನು ಪ್ರತಿ ವರ್ಷ ನೋಡುತ್ತೇನೆ. ಬಾಲ್‌ಪೆನ್ನಿನಲ್ಲಿ ತುಂಬಿದ ಮೇಲೆ ಅಳಿಸಲು ಬರುವುದಿಲ್ಲ.

ನೆಗೆಟಿವ್ ಮಾರ್ಕಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪ್ರತಿ ತಪ್ಪಿಗೆ 0.25 ಕಳೆಯುತ್ತಾರೆ. 110 ಪ್ರಶ್ನೆ ಮುಟ್ಟಿ 66 ಸರಿ, 44 ತಪ್ಪು ಮಾಡಿದವರಿಗೆ 55 ಅಂಕ. 90 ಮಾತ್ರ ಮುಟ್ಟಿ 68 ಸರಿ, 22 ತಪ್ಪು ಮಾಡಿದವರಿಗೆ 62.5. ಎಲ್ಲ ಪ್ಯಾಸೇಜ್ ಮುಟ್ಟಲೇಬೇಕು ಅನ್ನುವ ಹಟದಿಂದ ನಷ್ಟವೇ ಜಾಸ್ತಿ. ಹಾಗಂತ ಎರಡು ಆಪ್ಷನ್ ಹೊಡೆದು ಹಾಕಿದ ಮೇಲೂ ಖಾಲಿ ಬಿಡಬೇಡಿ. ಉಳಿದ ಎರಡರಲ್ಲಿ ಒಂದನ್ನು ಹಾಕಿದರೆ ಲೆಕ್ಕಾಚಾರ ನಿಮ್ಮ ಕಡೆಗೇ ಇದೆ.

ಇನ್ನು ಪೇಪರ್ ಓದುವ ವಿಷಯ. ಎರಡು ತಿಂಗಳು ಓದಿದರೂ ಯಾಕೆ ಪ್ರಯೋಜನ ಆಗಲಿಲ್ಲ? ಸಂಪಾದಕೀಯ ತೆಗೆದು, ಹತ್ತು ಪದಕ್ಕೆ ಅರ್ಥ ನೋಡಿ, ಮುಚ್ಚಿಟ್ಟಿರುತ್ತೀರಿ, ಅಲ್ವಾ? ವಿಷಯವೇ ಗೊತ್ತಿಲ್ಲದಿದ್ದರೆ ಪದದ ಅರ್ಥ ಗೊತ್ತಾದರೂ ಉಪಯೋಗ ಕಡಿಮೆ. 1988ರಲ್ಲಿ ಅಮೆರಿಕದಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅನ್ನುವ ಇಬ್ಬರು ಒಂದು ಪ್ರಯೋಗ ಪ್ರಕಟಿಸಿದರು. ಏಳು, ಎಂಟನೇ ತರಗತಿಯ ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದೂ ಆಟ ತಿಳಿಯದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ಕ್ರಿಕೆಟ್ ನೋಡುವ ಹುಡುಗನ ಕೈಗೆ ಇಂಗ್ಲಿಷ್‌ನ ಮ್ಯಾಚ್ ವರದಿ ಕೊಟ್ಟು ನೋಡಿ, ನಿಮಗೇ ಗೊತ್ತಾಗುತ್ತದೆ.

ಇಲ್ಲಿ ನಿಮಗೊಂದು ಅನುಕೂಲ ಇದೆ. ನೀವು ಕನ್ನಡವನ್ನು ಸರಾಗವಾಗಿ ಓದುತ್ತೀರಿ. ಒಂದು ವಿಷಯವನ್ನು, ಉದಾಹರಣೆಗೆ ಕಾವೇರಿ ನೀರಿನ ಹಂಚಿಕೆ, ರಾಜ್ಯಪಾಲರ ಅಧಿಕಾರ, ಜಾತಿ ಗಣತಿ, ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ. ಅದೇ ದಿನ ಅದೇ ವಿಷಯವನ್ನು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯದಲ್ಲಿ ಓದಿ. ವಿಷಯ ತಲೆಯಲ್ಲಿ ಇರುವುದರಿಂದ ಕಣ್ಣು ಬರೀ ಭಾಷೆಯ ಮೇಲೆ ಕೆಲಸ ಮಾಡುತ್ತದೆ. ‘ಕನ್ನಡ ಓದುವುದು ಬಿಡು, ಬರೀ ಇಂಗ್ಲಿಷ್ ಓದು’ ಅಂತ ಹೇಳುವವರ ಮಾತು ಕೇಳಬೇಡಿ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ಯಾವ ಭಾಷೆಯಲ್ಲೂ ಒಂದು ಉದ್ದ ಲೇಖನ ಮುಗಿಸದ ಮಕ್ಕಳು ಬೇಕಾದಷ್ಟು ಇದ್ದಾರೆ. ಅವರಿಗಿಂತ ನೀವು ಹಿಂದೆ ಇಲ್ಲ.

ವಾರದ ಕೆಲಸ ಹೀಗಿರಲಿ. ದಿನಾ ಒಂದು ಪ್ಯಾಸೇಜ್ ಪೆನ್ಸಿಲ್ ಹಿಡಿದು, ಒಂದು ವಿಷಯ ಎರಡು ಭಾಷೆಯಲ್ಲಿ. ಭಾನುವಾರ ಹಳೆಯ ಪ್ರಶ್ನೆಪತ್ರಿಕೆಯ ಒಂದು ವಿಭಾಗ. ಪೂರ್ತಿ ಮಾಕ್ ಈಗ ತಿಂಗಳಿಗೆ ಎರಡು ಸಾಕು. ಅಕ್ಟೋಬರ್‌ನಿಂದ ವಾರಕ್ಕೊಂದು. ಪ್ರತಿ ಮಾಕ್ ಆದ ಮೇಲೆ, ಅದನ್ನು ಬರೆಯಲು ತೆಗೆದುಕೊಂಡಷ್ಟೇ ಸಮಯ ತಪ್ಪುಗಳ ಮೇಲೆ ಕೂರಬೇಕು. ಒಂದು ನೋಟ್‌ಬುಕ್ ಇಡಿ. ಪ್ರತಿ ತಪ್ಪಿನ ಎದುರು ಕಾರಣ ಬರೆಯಿರಿ: ವಾಕ್ಯ ಅರ್ಥ ಆಗಲಿಲ್ಲ, ಪ್ರಶ್ನೆಯಲ್ಲಿದ್ದ ‘ನಾಟ್’ ನೋಡಲಿಲ್ಲ, ಅತಿಯಾದ ಆಪ್ಷನ್ ಆರಿಸಿದೆ, ಹೊರಗಿನ ತಿಳಿವಳಿಕೆ ತಂದೆ, ಹೀಗೆ. ‘ಗಮನ ಇರಲಿಲ್ಲ’ ಅಂತ ಬರೆಯುವುದು ನಿಷಿದ್ಧ. ಅದು ಕಾರಣವಲ್ಲ, ನೆಪ. ಇಪ್ಪತ್ತು ಮೂವತ್ತು ತಪ್ಪು ಬರೆದ ಮೇಲೆ ಒಂದೇ ಕಾರಣ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮುಂದಿನ ಎರಡು ವಾರ ಅದೊಂದರ ಮೇಲೆ ಕೆಲಸ ಮಾಡಿ.

ಕೋಚಿಂಗ್ ಸೇರಲೇಬೇಕೇ? ಓದಲು ಕಲಿಯುವುದಕ್ಕೆ ಬೇಡ. ಅದನ್ನು ಬೇರೆಯವರು ನಿಮ್ಮ ಪರವಾಗಿ ಮಾಡಿಕೊಡಲು ಆಗುವುದಿಲ್ಲ. ಹಳೆಯ ಪತ್ರಿಕೆಗಳು ಮುಗಿದ ಮೇಲೆ ಮಾಕ್‌ಗಳು ಬೇಕಾಗುತ್ತವೆ. ಮಾಕ್ ಸರಣಿಯನ್ನು ಬಿಡಿಯಾಗಿ ಕೊಂಡರೆ ಸಾಕು, ಅದಕ್ಕೆ ಪೂರ್ತಿ ಕೋರ್ಸಿನ ಫೀಸು ಬೇಕಿಲ್ಲ. ಮನೆಯಲ್ಲಿ ಕೂತು ಓದುವ ಶಿಸ್ತು ಇಲ್ಲ, ಯಾರಾದರೂ ಬೆನ್ನು ಹತ್ತಬೇಕು ಅಂತಿದ್ದರೆ ಸೇರಿ. ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: ಮಾಕ್ ಆದ ಮೇಲೆ ನನ್ನ ತಪ್ಪುಗಳನ್ನು ನನ್ನ ಜೊತೆ ಕೂತು ನೋಡುವವರು ಯಾರು? ಉತ್ತರ ತಡವರಿಸಿದರೆ ಎದ್ದು ಬನ್ನಿ.

ನೀವು ಗಮನಿಸಿರದ ಒಂದು ವಿಷಯ ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇಕಡ 25ರಷ್ಟು ಸಮತಲ ಮೀಸಲಾತಿ ಇದೆ, ಅಂದರೆ ಸಾಮಾನ್ಯ ವರ್ಗವೂ ಸೇರಿ ಪ್ರತಿ ವರ್ಗದ ಸೀಟುಗಳ ಒಳಗೇ ಅಷ್ಟು ಪಾಲು. ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿದವರು ಅದಕ್ಕೆ ಅರ್ಹರು. ನೀವು ಅದರೊಳಗೆ ಬರುತ್ತೀರಿ. ಅರ್ಜಿ ತುಂಬುವಾಗ ಆ ಕಾಲಂ ಬಿಟ್ಟುಬಿಡಬೇಡಿ. ಎಷ್ಟು ವರ್ಷ ಎಲ್ಲಿ ಓದಿದ್ದೀರಿ ಅನ್ನುವ ವ್ಯಾಸಂಗ ಪ್ರಮಾಣಪತ್ರವನ್ನು ನಿಮ್ಮ ಪ್ರಾಥಮಿಕ ಶಾಲೆ, ಹೈಸ್ಕೂಲಿನಿಂದ ಈಗಲೇ ಮಾಡಿಸಿಟ್ಟುಕೊಳ್ಳಿ. ಕೊನೇ ಗಳಿಗೆಯಲ್ಲಿ ಹೆಡ್‌ಮಾಸ್ಟರ್ ರಜೆಯಲ್ಲಿರುತ್ತಾರೆ. ಮೀಸಲಾತಿ ಇರುವ ವರ್ಗಕ್ಕೆ ಸೇರಿದವರಾದರೆ ಜಾತಿ, ಆದಾಯ ಪತ್ರವೂ ಅಷ್ಟೇ.

ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್ ಮೊದಲ ವಾರದ ಹೊತ್ತಿಗೆ ನಡೆಯುತ್ತಿದೆ, ಪಿಯುಸಿ ಬೋರ್ಡ್ ಪರೀಕ್ಷೆ ಅದಾದ ಮೇಲೆ. ಆದ್ದರಿಂದ ನವೆಂಬರ್‌ನಲ್ಲಿ ಕಾಲೇಜಿನ ಕಿರುಪರೀಕ್ಷೆಗಳ ಜೊತೆ ತಿಕ್ಕಾಟ ಆಗುತ್ತದೆ. ಕಲಾ ವಿಭಾಗದ ರಾಜ್ಯಶಾಸ್ತ್ರವನ್ನು ಈಗಲೇ ಮುಗಿಸಿಕೊಂಡರೆ ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ. ಸಂವಿಧಾನದ ಪಾಠ ಲೀಗಲ್ ಪ್ಯಾಸೇಜ್‌ಗಳ ಹಿನ್ನೆಲೆಗೂ ಆಗುತ್ತದೆ.

ಈ ವಾರ ಒಂದು ಹಳೆಯ ಪತ್ರಿಕೆಯನ್ನು ನಾನು ಹೇಳಿದ ಹಾಗೆ ಎರಡು ಸಲ ಬರೆಯಿರಿ. ಗಡಿಯಾರ ಇದ್ದಾಗಿನ ಅಂಕ, ಇಲ್ಲದಾಗಿನ ಅಂಕ, ಎರಡನ್ನೂ ವಿಭಾಗವಾರು ಬರೆದು ಕಳುಹಿಸಿ. ಯಾವ ವಿಭಾಗದಲ್ಲಿ ಅಂತರ ದೊಡ್ಡದು, ಎಲ್ಲಿ ಅಂತರವೇ ಇಲ್ಲ ಅಂತ ನೋಡಿಕೊಂಡು ಮುಂದಿನ ಎರಡು ತಿಂಗಳಿಗೆ ಏನು ಮಾಡಬೇಕು ಅಂತ ಹೇಳುತ್ತೇನೆ.